ಶಕ್ತಿಮಾನ್ ಮತ್ತೆ ಬಂದರೆ ಹಳಬರು ಗುರುಗಳಾಗಿ ಬರಬೇಕಾ? ಬನ್ನಿ, ದುರ್ಗದಲ್ಲೇ ಕಥೆ ಕಟ್ಟೋಣ

ಕೋಟೆಹುಡುಗ:
ಹೀರೋ ಯಾರಾಗಬೇಕು ಅನ್ನುವ ಜಗಳ ಎಲ್ಲ ಕಡೆ ನಡೆದು ಮುಗಿದಿದೆ. ಇಲ್ಲಿ ಅದು ಬೇಡ. ಶಕ್ತಿಮಾನ್ ಮೂರು ಭಾಗದ ಸಿನಿಮಾ ಆಗುತ್ತೆ ಅಂತ ಸೋನಿ ಪಿಕ್ಚರ್ಸ್‌ನವರು 2022ರ ಫೆಬ್ರವರಿಯಲ್ಲೇ ಘೋಷಿಸಿದ್ದರು. 2024ರ ನವೆಂಬರ್‌ನಲ್ಲಿ ಹಳೇ ಧಾರಾವಾಹಿಯ ಶಕ್ತಿಮಾನ್ ಮುಕೇಶ್ ಖನ್ನಾ ಅದೇ ಹಳೇ ಡ್ರೆಸ್ ಹಾಕಿಕೊಂಡು ಟೀಸರ್ ಬಿಟ್ಟರು. ಕೆಲವರು ನಕ್ಕರು, ಕೆಲವರ ಕಣ್ಣಲ್ಲಿ ನೀರು. ನನಗೆ ಅನಿಸಿದ್ದು ಒಂದೇ. ಈ ಮನುಷ್ಯ ಇನ್ನು ಹಾರೋದು ಬೇಡ. ಹಾರೋದು ಕಲಿಸಲಿ.

ಹೊಸ ಹುಡುಗನೋ ಹುಡುಗಿಯೋ ಬರಲಿ. ಹಳೇ ತಂಡದವರು ಅವರಿಗೆ ಗುರುಗಳಾಗಲಿ. ಮುಕೇಶ್ ಖನ್ನಾ, ಮುಖ್ಯ ವಿಲನ್ ಕಿಲ್ವಿಶ್ ಮಾಡಿದ ಸುರೇಂದ್ರ ಪಾಲ್, ಪತ್ರಕರ್ತೆ ಗೀತಾ ವಿಶ್ವಾಸ್ ಮಾಡಿದ ವೈಷ್ಣವಿ ಮಹಂತ್, ಕೆಟ್ಟ ವಿಜ್ಞಾನಿ ಡಾಕ್ಟರ್ ಜೈಕಾಲ್ ಮಾಡಿದ ಲಲಿತ್ ಪರಿಮೂ. ಯಾರು ಏನು ಕಲಿಸಬೇಕು? ಸುಮ್ನೆ ಬಂದು, ಶಿಳ್ಳೆ ಹೊಡೆಸಿಕೊಂಡು, ಎರಡು ನಿಮಿಷಕ್ಕೆ ಮಾಯವಾಗುವ ಪಾತ್ರ ಬೇಡ.

ಜಾಗ ನಮ್ಮೂರು ಚಿತ್ರದುರ್ಗವೇ. ಅದಕ್ಕೊಂದು ಕಾರಣ ಇದೆ. ಶಕ್ತಿಮಾನ್‌ಗೆ ಶಕ್ತಿ ಬಂದಿದ್ದು ಜೇಡ ಕಚ್ಚಿ ಅಲ್ಲ, ಬೇರೆ ಗ್ರಹದಿಂದ ಬಿದ್ದೂ ಅಲ್ಲ. ಕುಂಡಲಿನಿ ಎಬ್ಬಿಸಿ, ಏಳು ಚಕ್ರ ದಾಟಿ ಬಂದ ಶಕ್ತಿ ಅದು. ದುರ್ಗದ ಕೋಟೆಗೆ ಎಷ್ಟು ಸುತ್ತು? ಏಳು. ಒಂದೊಂದು ಸುತ್ತಿಗೆ ಒಂದೊಂದು ಚಕ್ರ, ಒಬ್ಬೊಬ್ಬ ಗುರು. ಹೇಳಿ, ಸರಿ ಕೂರುತ್ತೆ ಅಲ್ವಾ?

ಬೆಣ್ಣೆದೋಸೆ_ಭಕ್ತ:
ಗುರೂ, ಮೂರನೇ ಸುತ್ತಿಗೆ ಗುರುಗಳ ಮಂಡಿ ಹಿಡ್ಕೊಳ್ಳುತ್ತೆ. ಏಳನೇ ಸುತ್ತಿಗೆ ಶಿಷ್ಯನೇ ಹೊತ್ತುಕೊಂಡು ಹತ್ತಬೇಕು.

ಕಿಲ್ವಿಶ್‌ಗೆ ಅಡ್ಡಾ ನಾನು ಕೊಡ್ತೀನಿ. ದಾವಣಗೆರೆಯ ಹಳೇ ಹತ್ತಿ ಮಿಲ್ಲು. ಒಂದು ಕಾಲಕ್ಕೆ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಮಿಲ್ಲುಗಳು ಮುಚ್ಚಿದವು, ಹೆಸರು ಉಳೀತು. ಆ ಕತ್ತಲೆ ಶೆಡ್ಡಿನಲ್ಲಿ ನಿಂತು ‘ಅಂಧೇರಾ ಕಾಯಂ ರಹೇ’ (ಕತ್ತಲೆ ಹೀಗೇ ಇರಲಿ) ಅಂತ ತನ್ನ ಹಳೇ ಡೈಲಾಗ್ ಹೊಡೆದರೆ ಗ್ರಾಫಿಕ್ಸೇ ಬೇಡ.

ಅಶೋಕರಸ್ತೆ:
ಹೊರದೇಶದಲ್ಲಿ ಇದನ್ನು ಆಗಲೇ ಮಾಡಿ ನೋಡಿದ್ದಾರೆ. ಎಲ್ಲವನ್ನೂ ಹೇಳಲ್ಲ, ನಮಗೆ ಬೇಕಾದ್ದು ಮಾತ್ರ.

1990ರ ‘ದಿ ಫ್ಲಾಶ್’ ಅನ್ನುವ ಅಮೆರಿಕದ ಸೂಪರ್‌ಹೀರೋ ಧಾರಾವಾಹಿಯ ಹೀರೋ ಜಾನ್ ವೆಸ್ಲಿ ಶಿಪ್. 2014ರಲ್ಲಿ ಅದೇ ಹೆಸರಿನ ಹೊಸ ಧಾರಾವಾಹಿ ಬಂದಾಗ ಅವರನ್ನು ಹೊಸ ಫ್ಲಾಶ್‌ನ ಅಪ್ಪನ ಪಾತ್ರಕ್ಕೆ ಹಾಕಿದರು. ಮಾಡದ ಕೊಲೆಗೆ ಜೈಲಿನಲ್ಲಿರುವ ಅಪ್ಪ. ಗಾಜಿನ ಆ ಕಡೆ ಕೂತು ಮಗನಿಗೆ ಎರಡು ಮಾತು ಹೇಳೋದು, ಅಷ್ಟೇ. ಹಳೇ ಧಾರಾವಾಹಿ ನೋಡಿದವರಿಗೆ ಅವರು ಯಾರು ಅಂತ ಗೊತ್ತು. ಗೊತ್ತಿಲ್ಲದವರಿಗೂ ಆ ಅಪ್ಪನ ಸಂಕಟ ಮುಟ್ಟುತ್ತೆ. ಆಮೇಲೆ ಜೇ ಗ್ಯಾರಿಕ್ ಅನ್ನುವ ಹಿರಿಯ ವೇಗವೀರನಾಗಿಯೂ ಬಂದು, ಹೊಸಬನಿಗೆ ದಾರಿ ತೋರಿಸಿದರು.

ಇನ್ನೊಂದು ಇದಕ್ಕಿಂತ ಹಳೆಯದು. 1960ರ ದಶಕದಲ್ಲಿ ಟೀವಿ ಬ್ಯಾಟ್‌ಮನ್ ಆಗಿದ್ದವರು ಆಡಮ್ ವೆಸ್ಟ್. 1992ರಲ್ಲಿ ಬ್ಯಾಟ್‌ಮನ್ ಕಾರ್ಟೂನ್ ಧಾರಾವಾಹಿಯ ಒಂದು ಕಂತಿಗೆ ಅವರಿಂದ ಧ್ವನಿ ಕೊಡಿಸಿದರು. ಪಾತ್ರ ಯಾವುದು ಗೊತ್ತಾ? ಒಂದು ಕಾಲಕ್ಕೆ ಟೀವಿಯಲ್ಲಿ ಸೂಪರ್‌ಹೀರೋ ಆಗಿದ್ದು, ಈಗ ಕೆಲಸ ಇಲ್ಲದೆ, ಬಾಡಿಗೆ ಕಟ್ಟಲಾಗದೆ ಕೂತಿರುವ ಮುದಿ ನಟ. ಬ್ಯಾಟ್‌ಮನ್ ಚಿಕ್ಕವನಿದ್ದಾಗ ಆರಾಧಿಸುತ್ತಿದ್ದದ್ದು ಆ ನಟನನ್ನೇ. ನನ್ನ ಲೆಕ್ಕದಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಮಾಡಿಲ್ಲ. ಬಿದ್ದವನನ್ನು ಬಿದ್ದವನ ಹಾಗೇ ತೋರಿಸಿದರು.

ಕೋಟೆಹುಡುಗ:
ಮೈಕಲ್ ಕೀಟನ್‌ನ ಬಿಟ್ಟಿರಲ್ಲ ಸರ್. 1989, 1992ರ ಬ್ಯಾಟ್‌ಮನ್ ಅವರು. 2023ರಲ್ಲಿ ‘ದಿ ಫ್ಲಾಶ್’ ಸಿನಿಮಾಗೆ ವಾಪಸ್ ಬಂದರಲ್ಲ.

ಅಶೋಕರಸ್ತೆ:
ಬೇಕಂತಲೇ ಬಿಟ್ಟೆ. ಅಲ್ಲಿ ಶುರು ಚೆನ್ನಾಗಿದೆ. ಗಡ್ಡ ಬಿಟ್ಟುಕೊಂಡು, ಮನೆ ಬಾಗಿಲು ಹಾಕಿಕೊಂಡು ಕೂತ ಮುದುಕ. ಸೂಟ್ ಹಾಕಿದ ಮೇಲೆ ಮತ್ತೆ ಹಳೇ ಡೈಲಾಗು, ಹಳೇ ಮ್ಯೂಸಿಕ್ಕು. ನಮಗೆ ಆ ಮೊದಲ ಅರ್ಧ ಸಾಕು.

ಚಳ್ಳಕೆರೆ_ಹುಡುಗಿ:
ಎಲ್ಲ ಅಣ್ಣಂದಿರಿಗೂ ನಮಸ್ಕಾರ. ನಾನು ಹುಟ್ಟುವ ಹೊತ್ತಿಗೆ ನಿಮ್ಮ ಶಕ್ತಿಮಾನ್ ಮುಗಿಯುತ್ತಾ ಬಂದಿತ್ತು. 1997ರ ಸೆಪ್ಟೆಂಬರ್‌ನಿಂದ 2005ರ ಮಾರ್ಚ್‌ವರೆಗೆ ಅಲ್ವಾ? ನಾನು ನೋಡಿದ್ದು 2020ರ ಲಾಕ್‌ಡೌನ್‌ನಲ್ಲಿ, ದೂರದರ್ಶನದವರು ಮತ್ತೆ ಹಾಕಿದಾಗ. ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಎಲ್ಲ ಟೀವಿ ಮುಂದೆ. ನನಗೆ ನಗು.

ಹಾಗಾಗಿ ನೆನಪಿನ ಮಮಕಾರ ಇಲ್ಲದೆ ಒಂದು ಮಾತು ಕೇಳ್ತೀನಿ. ಶಕ್ತಿಮಾನ್ ಮೊದಲಿನಿಂದಲೂ ಗುರುವೇ ಆಗಿದ್ದರಲ್ವಾ? ಕಂತಿನ ಕೊನೆಯಲ್ಲಿ ‘ಛೋಟಿ ಛೋಟಿ ಮಗರ್ ಮೋಟಿ ಬಾತೇಂ’ ಅಂತ ಪಾಠ. ಮಕ್ಕಳು ಕಿವಿ ಹಿಡಿದು ‘ಸಾರಿ ಶಕ್ತಿಮಾನ್’ ಅನ್ನೋದು. ಹಲ್ಲುಜ್ಜು, ಸುಳ್ಳು ಹೇಳಬೇಡ, ಹಾಲು ಕುಡಿ. ಅಷ್ಟು ವರ್ಷ ಪಾಠ ಹೇಳಿದವರನ್ನು ಕರೆದು ಮತ್ತೆ ಪಾಠ ಹೇಳಿ ಅಂದರೆ ಅದರಲ್ಲಿ ಹೊಸದೇನು? ಮೂರು ಸಿನಿಮಾ ಪೂರ್ತಿ ಉಪದೇಶ ಕೇಳೋಕೆ ನಮ್ಮ ವಯಸ್ಸಿನವರು ಟಿಕೆಟ್ ತಗೊಳ್ಳಲ್ಲ.

ಇನ್ನೊಂದು. ನಮ್ಮ ಜಿಲ್ಲೆಯ ನಿಜವಾದ ಸೂಪರ್‌ಹೀರೋ ಒನಕೆ ಓಬವ್ವ. ಅವಳಿಗೆ ಯಾವ ಗುರು ಇದ್ದರು? ಗಂಡ ಊಟಕ್ಕೆ ಕೂತಿದ್ದ. ಇವಳು ನೀರಿಗೆ ಹೋದಳು. ಕಿಂಡಿಯಲ್ಲಿ ಹೈದರನ ಸೈನಿಕರು ತೂರುತ್ತಿದ್ದರು. ಕೈಗೆ ಸಿಕ್ಕಿದ್ದು ಒನಕೆ. ಯಾರೂ ಏಳು ಸುತ್ತು ಹತ್ತಿಸಿ ಟ್ರೈನಿಂಗ್ ಕೊಡಲಿಲ್ಲ.

ಬೆಣ್ಣೆದೋಸೆ_ಭಕ್ತ:
ತಂಗೀ, ಒಂದೇ ಪೋಸ್ಟಿನಲ್ಲಿ ಮೂರೂ ಸಿನಿಮಾ ಮುಗಿಸಿಬಿಟ್ಟೆಯಲ್ಲ.

ನಾಟಕದಮನೆ:
ಆ ಹುಡುಗಿ ಕೇಳಿದ್ದು ಸರಿಯಾಗೇ ಇದೆ. ನನಗೆ ಗೊತ್ತಿರುವ ಕಡೆಯಿಂದ ಹೇಳ್ತೀನಿ.

ನಮ್ಮ ತಂದೆ ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ದಾವಣಗೆರೆ ಅಂದರೆ ನಾಟಕ ಕಂಪನಿಗಳ ಊರು. ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ ಮನೆತನ, ಇದೆಲ್ಲ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಂಪನಿಯಲ್ಲಿ ಹೀರೋಗೆ ವಯಸ್ಸಾದರೆ ಮನೆಗೆ ಕಳಿಸುತ್ತಿರಲಿಲ್ಲ. ನಿನ್ನೆ ತನಕ ರಾಜಕುಮಾರ ಆಗಿದ್ದವನು ಇವತ್ತು ರಾಜ. ಆಮೇಲೆ ರಾಜನ ಅಪ್ಪ. ತನ್ನ ಹಳೇ ಪಾರ್ಟನ್ನು ಹೊಸ ಹುಡುಗನಿಗೆ ತಾನೇ ಹೇಳಿಕೊಡಬೇಕು. ಬಣ್ಣ ಹಚ್ಚಿಕೊಂಡು ಸೈಡ್‌ವಿಂಗಿನಲ್ಲಿ ನಿಂತು, ಹುಡುಗ ಮಾತು ಮರೆತರೆ ಎತ್ತಿಕೊಡಬೇಕು.

ಅಲ್ಲಿ ನಡೆಯುತ್ತಿದ್ದದ್ದು ಉಪದೇಶ ಅಲ್ಲ. ಹೊಟ್ಟೆಕಿಚ್ಚು! ತನ್ನ ಕಿರೀಟ ಇನ್ನೊಬ್ಬನ ತಲೆ ಮೇಲೆ ನೋಡಬೇಕು. ಚಪ್ಪಾಳೆ ಅವನಿಗೆ. ತನ್ನ ಉಸಿರು ಹಿಡಿಯುವ ಗುಟ್ಟನ್ನು ಅವನಿಗೆ ಕೊಡಬೇಕು, ಆದರೆ ಕೊಡಲು ಮನಸ್ಸಿಲ್ಲ. ಬೇಕಂತಲೇ ಅರ್ಧ ಹೇಳಿಕೊಟ್ಟವರಿದ್ದರು. ಮಾತು ಎತ್ತಿಕೊಡದೆ ಸುಮ್ಮನೆ ನಿಂತವರೂ ಇದ್ದರಂತೆ. ಮುಕೇಶ್ ಖನ್ನಾ ಅವರಿಗೆ ಅಂಥ ಗುರುವಿನ ಪಾತ್ರ ಬರೆಯಿರಿ. ಪಾಠ ಹೇಳೋಕೆ ಆಸೆ ಇಲ್ಲದ ಗುರು. ಆಗ ನೀನೂ ಟಿಕೆಟ್ ತಗೋತೀಯ, ನೋಡು.

ಚಳ್ಳಕೆರೆ_ಹುಡುಗಿ:
ಅಕ್ಕಾ, ಇದಕ್ಕೆ ತಗೋತೀನಿ. ಮಾತು ಎತ್ತಿಕೊಡದೆ ನಿಂತವರ ಕಥೆ ಇನ್ನೂ ಇದ್ದರೆ ಹಾಕಿ.

ನಾಟಕದಮನೆ:
ಅವರ ಮಕ್ಕಳು ಮೊಮ್ಮಕ್ಕಳು ಇದೇ ಊರಲ್ಲಿ ಇದ್ದಾರಮ್ಮ. ಬೇಡ.

ನಿವೃತ್ತ_ಮೇಷ್ಟ್ರು:
ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವನು ನಾನು. ನೀವೆಲ್ಲ ಶಕ್ತಿಮಾನ್ ನೋಡೋಕೆ ಟ್ಯೂಷನ್ ತಪ್ಪಿಸಿದವರು. ಹಾಗಾಗಿ ನನಗೂ ಆ ಮನುಷ್ಯನ ಜೊತೆ ಹಳೇ ಲೆಕ್ಕ ಇದೆ.

ದುರ್ಗದಲ್ಲಿ ಕೂತು ಗುರುವಿನ ಬಗ್ಗೆ ಮಾತಾಡುತ್ತಾ ಯಾರೂ ಚಾಮಯ್ಯ ಮೇಷ್ಟ್ರ ಹೆಸರು ಎತ್ತಿಲ್ಲವಲ್ಲ! 1972ರ ‘ನಾಗರಹಾವು’. ತ.ರಾ.ಸು. ಅವರ ಕಥೆ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಇದೇ ಕೋಟೆ, ಇದೇ ಬಂಡೆ. ರಾಮಾಚಾರಿ ಯಾರ ಮಾತನ್ನೂ ಕೇಳಲ್ಲ, ಚಾಮಯ್ಯ ಮೇಷ್ಟ್ರ ಮಾತು ಮಾತ್ರ ಕೇಳ್ತಾನೆ. ಮೇಷ್ಟ್ರು ಏನು ಮಾಡಿದರು? ಅಲಮೇಲುವನ್ನು ಬಿಟ್ಟುಕೊಡು, ತ್ಯಾಗ ದೊಡ್ಡದು ಅಂದರು. ಹುಡುಗ ಕೇಳಿದ. ಅಲಮೇಲುವಿನ ಬಾಳು ಹಾಳಾಯಿತು. ಅವಳನ್ನು ಆ ಸ್ಥಿತಿಯಲ್ಲಿ ಕಂಡ ದಿನ ಅವನಿಗೆ ಮೇಷ್ಟ್ರ ಮೇಲಿದ್ದ ನಂಬಿಕೆ ಹೋಯಿತು. ಮಾರ್ಗರೆಟ್ ವಿಷಯಕ್ಕೂ ಮೇಷ್ಟ್ರು ಅಡ್ಡ ಬಂದಾಗ ಬೆಟ್ಟದ ಮೇಲೆ ಏನಾಯಿತು ಅಂತ ನಿಮಗೆ ಗೊತ್ತು.

ಚಾಮಯ್ಯ ಮೇಷ್ಟ್ರು ಕೆಟ್ಟವರಲ್ಲ. ಕೆ.ಎಸ್. ಅಶ್ವತ್ಥ್ ಅವರ ಮುಖ ನೋಡಿದರೆ ಕೆಟ್ಟವರು ಅನ್ನೋಕೆ ಬಾಯಿ ಬರಲ್ಲ. ಪ್ರೀತಿಯಿಂದಲೇ ಹೇಳಿದರು. ಒಳ್ಳೆಯದಾಗಲಿ ಅಂತಲೇ ಹೇಳಿದರು. ಅದಕ್ಕೇ ಆ ಪಾತ್ರ ಐವತ್ತು ವರ್ಷ ದಾಟಿ ನಿಂತಿದೆ. ಹೊಸ ಶಕ್ತಿಮಾನ್‌ನಲ್ಲಿ ಹಳಬರು ಗುರುಗಳಾಗಬೇಕಾದರೆ ಮೊದಲು ಅವರ ಯಾವ ಮಾತಿನಿಂದ ಯಾರ ಬಾಳು ಕೆಟ್ಟಿತು ಅಂತ ತೀರ್ಮಾನ ಮಾಡಿ. ಅದು ಇಲ್ಲದೆ ಗಡ್ಡ, ಶಲ್ಯ, ಧ್ಯಾನ ಎಲ್ಲ ಬರೀ ವೇಷ.

ಅಶೋಕರಸ್ತೆ:
ಮೇಷ್ಟ್ರೇ, ಕಾಲಿಗೆ ಬಿದ್ದೆ.

ಇದಕ್ಕೆ ಇನ್ನೊಂದು ಸೇರಿಸ್ತೀನಿ. ಮುಕೇಶ್ ಖನ್ನಾ ಯಾರು? ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದ ಭೀಷ್ಮ. ಕಿಲ್ವಿಶ್ ಮಾಡಿದ ಸುರೇಂದ್ರ ಪಾಲ್ ಅದೇ ‘ಮಹಾಭಾರತ’ದ ದ್ರೋಣ. ಶಕ್ತಿಮಾನ್‌ನಲ್ಲಿ ಬೆಳಕು-ಕತ್ತಲೆ ಅಂತ ಹೊಡೆದಾಡಿದ ಇಬ್ಬರೂ ಅದಕ್ಕೆ ಮುಂಚೆ ಒಂದೇ ಸಭೆಯಲ್ಲಿ ಕೂತಿದ್ದ ಹಿರಿಯರು. ದ್ರೌಪದಿ ಕೇಳಿದಾಗ ಇಬ್ಬರಿಗೂ ಉತ್ತರ ಇರಲಿಲ್ಲ. ನೋಡೋರ ಮನಸ್ಸಿನಲ್ಲಿ ಆ ಮುಖಗಳ ಜೊತೆ ಇದೆಲ್ಲ ಸೇರಿಕೊಂಡಿದೆ. ಬರೆಯೋರು ಉಪಯೋಗಿಸಿಕೊಳ್ಳಬೇಕು, ಅಷ್ಟೇ.

ನಿವೃತ್ತ_ಮೇಷ್ಟ್ರು:
ಭೇಷ್. ಭೀಷ್ಮ ಅಂದಿರಿ ಅಂತ ಹೇಳ್ತೀನಿ, ರನ್ನನ ‘ಗದಾಯುದ್ಧ’ ತೆಗೆದು ನೋಡಿ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ಶರಶಯ್ಯೆಯಲ್ಲಿರುವ ಭೀಷ್ಮನ ಹತ್ತಿರ ಹೋಗ್ತಾನೆ. ಅಜ್ಜ ಸಂಧಿ ಮಾಡಿಕೋ ಅಂತಾನೆ. ಮೊಮ್ಮಗ ಒಪ್ಪಲ್ಲ. ಸರಿ, ಹಾಗಾದರೆ ವೈಶಂಪಾಯನ ಸರೋವರದಲ್ಲಿ ಅಡಗಿಕೊಂಡು ಹೊತ್ತು ಕಳಿ ಅಂತ ಹೇಳಿ ಕಳಿಸ್ತಾನೆ. ತಾನೇ ಬಾಣದ ಮೇಲೆ ಮಲಗಿದವನ ಸಲಹೆ ಅದು. ಶಿಷ್ಯ ಕೇಳಿದ, ಆದರೂ ಉಳಿಯಲಿಲ್ಲ. ಸಾವಿರ ವರ್ಷದ ಹಿಂದೆಯೇ ನಮ್ಮವರು ಇಂಥ ಗುರುವನ್ನು ಬರೆದಿಟ್ಟಿದ್ದಾರೆ.

ಹಾರುವ ಬಟ್ಟೆ ಇಲ್ಲದ ಮುಕೇಶ್ ಖನ್ನಾ, ಮಲಗಿದಲ್ಲೇ ಮಲಗಿ ಹೇಳಿಕೊಡುವ ಗುರು. ಆ ಗಂಟಲು ಒಂದೇ ಸಾಕು.

ಹಿರಿಯೂರು_ಗೇಟ್:
ವೈಶಂಪಾಯನ ಸರೋವರಕ್ಕೆ ನಮ್ಮ ಮಾರಿಕಣಿವೆ ಜಲಾಶಯ ಕೊಡ್ತೀವಿ. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. 89 ವರ್ಷ ಕಾದ ನೀರು. ಹೀರೋಯಿನ್ ಅಡಗಿಕೊಳ್ಳೋಕೆ ಬೇಕಾದಷ್ಟು ಜಾಗ ಇದೆ.

ಕೋಟೆಹುಡುಗ:
ಸರಿ, ಹಾಗಾದರೆ ಶಕ್ತಿಮಾನ್ ಮಾಡಿದ ತಪ್ಪೇನು? ಇದಕ್ಕೆ ಉತ್ತರ ಸಿಕ್ಕರೆ ಕಥೆ ಸಿಕ್ಕ ಹಾಗೆ. ನನಗೆ ಹೊಳೆದಿದ್ದು ಹೇಳ್ತೀನಿ.

ಮೊದಲ ಶಕ್ತಿಮಾನ್ ಒಬ್ಬ ಶಿಷ್ಯನನ್ನು ತಯಾರು ಮಾಡಿದ್ದ. ಹಳೇ ಧಾರಾವಾಹಿ ಮುಗಿದ ಮೇಲೆ ಅಂತ ಇಟ್ಟುಕೊಳ್ಳಿ. ಹುಡುಗ ಶಿಸ್ತಿನವನು, ಹೇಳಿದ್ದೆಲ್ಲ ಕೇಳುವವನು. ಒಂದು ದಿನ ಬೆಂಕಿ ಬಿದ್ದ ಕಡೆ ಗುರು ಇನ್ನೂ ಬಂದಿಲ್ಲ. ನಾನು ಹೇಳುವ ತನಕ ಕಾಲು ಕದಲಿಸಬೇಡ ಅಂತ ಗುರು ಹೇಳಿದ್ದಾರೆ. ಹುಡುಗ ನಿಂತ. ಕಣ್ಣೆದುರೇ ಜನ ಸತ್ತರು. ಆ ಹುಡುಗನೇ ಇವತ್ತಿನ ಕಿಲ್ವಿಶ್. ಕೇಳುವುದನ್ನಷ್ಟೇ ಕಲಿಸಿದ, ಯಾವಾಗ ಕೇಳಬಾರದು ಅಂತ ಕಲಿಸಲಿಲ್ಲ. ಗುರುವಿನ ಸಾಲ ಇದು.

ಚಳ್ಳಕೆರೆ_ಹುಡುಗಿ:
ಕಥೆ ಚೆನ್ನಾಗಿದೆ ಅಣ್ಣ. ಆದರೆ ಹೊಸದಾಗಿ ತಪ್ಪು ಹುಟ್ಟಿಸೋದು ಯಾಕೆ? ಹಳೇ ಧಾರಾವಾಹಿಯಲ್ಲೇ ಇದೆಯಲ್ಲ.

ಗೀತಾ ವಿಶ್ವಾಸ್ ಪತ್ರಕರ್ತೆ. ಶಕ್ತಿಮಾನ್ ಯಾರು ಅಂತ ಹುಡುಕೋದೇ ಅವಳ ಕೆಲಸ. ಪಕ್ಕದ ಮೇಜಿನಲ್ಲೇ ಶಕ್ತಿಮಾನ್ ಮಾರುವೇಷದಲ್ಲಿ ಪಂಡಿತ್ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ ಆಗಿ ಹಲ್ಲು ಬಿಟ್ಟುಕೊಂಡು ಕೂತಿರ್ತಾನೆ. ಮಕ್ಕಳಿಗೆಲ್ಲ ಸತ್ಯ ಹೇಳಿ ಅಂತ ಪಾಠ. ಅವಳಿಗೆ ಮಾತ್ರ ದಿನಾ ಸುಳ್ಳು. ಅವಳ ವೃತ್ತಿಯನ್ನೇ ತಮಾಷೆ ಮಾಡಿದ ಹಾಗೆ. ಲಾಕ್‌ಡೌನ್‌ನಲ್ಲಿ ನೋಡುವಾಗ ನನಗೆ ಕೋಪ ಬರುತ್ತಿದ್ದದ್ದು ಇದಕ್ಕೇ. ಅಪ್ಪ ನಗುತ್ತಿದ್ದರು.

ಹೊಸ ಸಿನಿಮಾದಲ್ಲಿ ನಿಜವಾದ ಗುರು ಗೀತಾ ಆಗಬೇಕು. ವೈಷ್ಣವಿ ಮಹಂತ್ ಬರಲಿ, ಪತ್ರಿಕೆ ಸಂಪಾದಕಿಯಾಗಿ ಬರಲಿ. ಹೊಸ ಹುಡುಗಿ ಹಾರೋದನ್ನು ಅವರ ಹತ್ತಿರ ಕಲಿಯಲ್ಲ. ಕೇಳೋದು ಕಲೀತಾಳೆ. ಈ ಶಕ್ತಿ ಯಾರ ಕೈಯಲ್ಲಿದೆ, ಯಾರಿಗೆ ಲೆಕ್ಕ ಕೊಡ್ತಾರೆ ಅಂತ ಕೇಳೋದು.

ನಾಟಕದಮನೆ:
ಹೌದಲ್ಲ! ಮೇಷ್ಟ್ರು ಹೇಳಿದ ಅಲಮೇಲು ಕಥೆಯೂ ಇದೇ ದಾರಿಯಲ್ಲಿ ಬರುತ್ತೆ. ‘ನಾಗರಹಾವು’ ಮುಂದುವರಿಸಿದರೆ ನಾನು ಚಾಮಯ್ಯನನ್ನೋ ಅವನಂಥ ಇನ್ನೊಬ್ಬ ಮೇಷ್ಟ್ರನ್ನೋ ತರಲ್ಲ. ವಯಸ್ಸಾದ ಅಲಮೇಲುವನ್ನು ತರ್ತೀನಿ. ಗುರು ಹೇಳಿದ ಮಾತಿನ ಬೆಲೆ ಕಟ್ಟಿದವಳು ಅವಳು. ಹೊಸ ಹುಡುಗರಿಗೆ ಬುದ್ಧಿ ಹೇಳುವ ಹಕ್ಕು ಇದ್ದರೆ ಅವಳಿಗೆ ಇದೆ.

ನಿವೃತ್ತ_ಮೇಷ್ಟ್ರು:
ಒಪ್ಪಿದೆ. ಆದರೆ ಅವಳು ಹೇಳಲ್ಲ ಅನಿಸುತ್ತೆ. ‘ನಿನಗೆ ತೋಚಿದ ಹಾಗೆ ಮಾಡಪ್ಪ’ ಅಂದು ಒಳಗೆ ಹೋಗ್ತಾಳೆ.

ಬೆಣ್ಣೆದೋಸೆ_ಭಕ್ತ:
ಚರ್ಚೆ ಭಾರ ಆಯ್ತು. ಡಾಕ್ಟರ್ ಜೈಕಾಲ್ ಬಗ್ಗೆ ಯಾರಾದರೂ ಮಾತಾಡ್ರಪ್ಪ. ‘ಪವರ್’ ಅಂತ ಅವರು ಕೂಗಿದರೆ ನಮ್ಮ ಮನೆ ಕರೆಂಟೇ ಹೋಗ್ತಿತ್ತು. ಆಗ ಲೋಡ್‌ಶೆಡ್ಡಿಂಗ್ ಇತ್ತು, ಅದು ಬೇರೆ ವಿಷಯ.

ಅಶೋಕರಸ್ತೆ:
ವಿಲನ್ನೂ ಗುರು ಆಗಬಹುದು. 1990ರ ‘ದಿ ಫ್ಲಾಶ್’ನಲ್ಲಿ ಟ್ರಿಕ್‌ಸ್ಟರ್ ಅನ್ನುವ ವಿಲನ್ ಮಾಡಿದ್ದು ಮಾರ್ಕ್ ಹ್ಯಾಮಿಲ್. 2015ರಲ್ಲಿ ಹೊಸ ಧಾರಾವಾಹಿಗೆ ಅದೇ ಪಾತ್ರದಲ್ಲಿ ಜೈಲಿನೊಳಗಿಂದ ವಾಪಸ್ ಬಂದರು. ಹೊರಗೆ ಒಬ್ಬ ಹೊಸ ಹುಡುಗ ಟ್ರಿಕ್‌ಸ್ಟರ್ ಹೆಸರಲ್ಲಿ ಬಾಂಬು ಇಡ್ತಿರ್ತಾನೆ. ಅವನಿಗೆ ಗುರು ಇವರೇ. ಒಳ್ಳೆಯವರ ಕಡೆ ತಂದೆ-ಮಗ, ಕೆಟ್ಟವರ ಕಡೆಯೂ ಗುರು-ಶಿಷ್ಯ. ಅದರ ಮಜಾನೇ ಬೇರೆ.

ಜೈಕಾಲ್‌ಗೆ ಒಬ್ಬ ಶಿಷ್ಯ ಬೇಕು. ಒಳ್ಳೆ ಓದಿದ, ಸಭ್ಯ ಹುಡುಗ. ಕೂಗಲ್ಲ, ಕುಣಿಯಲ್ಲ. ಲಲಿತ್ ಪರಿಮೂ ‘ಪವರ್’ ಅಂತ ಕೂಗಿದಾಗ ಅವನಿಗೆ ಮುಜುಗರ ಆಗಬೇಕು.

ಚಳ್ಳಕೆರೆ_ಹುಡುಗಿ:
ಜೈಕಾಲ್‌ನ ಲ್ಯಾಬ್ ನಮ್ಮ ಕಡೆ ಇರಲಿ. ಕುದಾಪುರದ ಹತ್ತಿರ ಐಐಎಸ್‌ಸಿ ಕ್ಯಾಂಪಸ್ ಇದೆ, ಡಿಆರ್‌ಡಿಒದವರ ವಿಮಾನ ಪರೀಕ್ಷಾ ಕೇಂದ್ರ ಇದೆ. 2023ರ ಏಪ್ರಿಲ್ 2ರ ಬೆಳಿಗ್ಗೆ ಇಸ್ರೋದವರು ರೆಕ್ಕೆ ಇರುವ ಮರುಬಳಕೆ ವಾಹನವನ್ನು ಇಲ್ಲೇ ಇಳಿಸಿದ್ದು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಎತ್ತಿಕೊಂಡು ಹೋಗಿ ಬಿಟ್ಟಿತು. ಪೈಲಟ್ ಇಲ್ಲದೆ ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು.

ಹಾರೋದು ಕಲಿಯುವ ಹುಡುಗಿಗೆ ಇದಕ್ಕಿಂತ ಊರು ಬೇಕಾ? ಅವಳಿಗೆ ಹಾರೋಕೆ ಬರುತ್ತೆ, ಇಳಿಯೋಕೆ ಬರಲ್ಲ. ಮೊದಲ ಭಾಗ ಪೂರ್ತಿ ಅವಳು ಇಳಿಯೋದು ಕಲಿಯಲಿ.

ಅದರ ಸುತ್ತ ದನ ಮೇಯುವ ಅಮೃತಮಹಲ್ ಕಾವಲು ಭೂಮಿ ಇತ್ತು ಅನ್ನೋದೂ ಕಥೆಯಲ್ಲಿ ಬರಲಿ. ಕುರಿ ಮೇಯಿಸುವವರು ಬೇಲಿ ಆಚೆ ನಿಂತು ಇದನ್ನೆಲ್ಲ ಹೇಗೆ ನೋಡ್ತಾರೆ? ಹುಡುಗಿ ಆ ಮನೆಯವಳೇ ಆಗಲಿ. ಕಾವಲಿನ ಹುಡುಗಿ.

ಕೋಟೆಹುಡುಗ:
‘ಹಾರೋಕೆ ಬರುತ್ತೆ, ಇಳಿಯೋಕೆ ಬರಲ್ಲ.’ ಇದು ಪೋಸ್ಟರ್ ಮೇಲಿನ ಸಾಲು. ಹೀರೋ ಹುಡುಗಿ ಅಂತ ತೀರ್ಮಾನ ಆಯ್ತು ಹಾಗಾದರೆ. ಗೋಡೆ ಹತ್ತೋದು ಕಲಿಸೋಕೆ ನಮ್ಮ ಜ್ಯೋತಿರಾಜ್ ಇದ್ದಾರೆ. ಹಗ್ಗ ಇಲ್ಲದೆ ಕೋಟೆ ಗೋಡೆ ಏರುವ ಮನುಷ್ಯ, ಊರೆಲ್ಲ ಕೋತಿರಾಜ ಅಂತ ಕರೆಯುತ್ತೆ. ಅವರಿಗೆ ಗ್ರಾಫಿಕ್ಸ್ ಖರ್ಚೂ ಇಲ್ಲ.

ಶಕ್ತಿಮಾನ್‌ಗೇ ಗುರುವಾಗಿದ್ದ ಮಹಾಗುರು ಪಾತ್ರಕ್ಕೆ ಏನು ಮಾಡೋಣ? ಅದನ್ನು ಮಾಡಿದ್ದ ಟಾಮ್ ಆಲ್ಟರ್ 2017ರಲ್ಲಿ ತೀರಿಕೊಂಡರು. ಶಕ್ತಿಮಾನ್‌ನನ್ನು ತಯಾರು ಮಾಡಿದ ಸೂರ್ಯಾಂಶಿ ಯೋಗಿಗಳ ನಡುವೆ ಆ ಬಿಳಿ ಗಡ್ಡ, ಆ ಧ್ವನಿ ಇಲ್ಲದೆ ಶಕ್ತಿಮಾನ್ ಅನಿಸಲ್ಲ. ಈಗ ಎಐನಲ್ಲಿ ಮುಖ, ಧ್ವನಿ ಎಲ್ಲ ಮಾಡ್ತಾರಲ್ಲ?

ಅಶೋಕರಸ್ತೆ:
ಬೇಡ. ಇದೊಂದಕ್ಕೆ ನಾನು ಜಗಳಕ್ಕೆ ಬರ್ತೀನಿ.

ಸೂಪರ್‌ಮ್ಯಾನ್ ಆಗಿದ್ದ ಕ್ರಿಸ್ಟೋಫರ್ ರೀವ್ 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. 2003ರಲ್ಲಿ ‘ಸ್ಮಾಲ್‌ವಿಲ್’ ಧಾರಾವಾಹಿಗೆ ಗಾಲಿಕುರ್ಚಿಯಲ್ಲೇ ಬಂದರು. ವಿಜ್ಞಾನಿಯ ಪಾತ್ರ. ಮುಂದೆ ಸೂಪರ್‌ಮ್ಯಾನ್ ಆಗುವ ಹುಡುಗ ಕ್ಲಾರ್ಕ್‌ಗೆ ನೀನು ಎಲ್ಲಿಂದ ಬಂದವನು ಅಂತ ಹೇಳುವ ದೃಶ್ಯ. ಹಾರುತ್ತಿದ್ದವನು ಕೂತಲ್ಲಿಂದ ಏಳಲಾರ, ಮುಂದೆ ಹಾರಬೇಕಾದವನು ಎದುರಿಗೆ ನಿಂತಿದ್ದಾನೆ. ಮರುವರ್ಷ ರೀವ್ ತೀರಿಕೊಂಡರು. ಇಪ್ಪತ್ತು ವರ್ಷ ಆದ ಮೇಲೆ ‘ದಿ ಫ್ಲಾಶ್’ ಸಿನಿಮಾದಲ್ಲಿ ಅದೇ ಮನುಷ್ಯನ ಮುಖವನ್ನು ಕಂಪ್ಯೂಟರ್‌ನಲ್ಲಿ ಮಾಡಿ ನಿಲ್ಲಿಸಿದರು. ಜನ ಬೈದರು. ಒಂದರಲ್ಲಿ ಅವರೇ ಒಪ್ಪಿ ಬಂದಿದ್ದರು, ಇನ್ನೊಂದರಲ್ಲಿ ಕೇಳೋಕೆ ಅವರೇ ಇರಲಿಲ್ಲ.

ಬೆಣ್ಣೆದೋಸೆ_ಭಕ್ತ:
ನಾನು ಅಷ್ಟು ಖಡಕ್ಕಾಗಿ ಹೇಳಲ್ಲ ಅಣ್ಣ. ‘ಜೇಮ್ಸ್’ ನೆನಪಿದೆಯಾ? 2022ರ ಮಾರ್ಚ್‌ನಲ್ಲಿ ಬಂದಾಗ ಅಪ್ಪು ಅವರ ಪಾತ್ರಕ್ಕೆ ಧ್ವನಿ ಕೊಟ್ಟಿದ್ದು ಶಿವಣ್ಣ. ಏಪ್ರಿಲ್‌ನಲ್ಲಿ ಟೆಕ್ನಾಲಜಿಯಿಂದ ಅಪ್ಪು ಧ್ವನಿಯನ್ನೇ ಕೂಡಿಸಿ ಮತ್ತೆ ಬಿಟ್ಟರು. ನಾನು ಎರಡೂ ನೋಡಿದೆ. ಎರಡರಲ್ಲೂ ಅತ್ತೆ. ಅಭಿಮಾನಿಗೆ ಬೇಕು ಅನಿಸುತ್ತೆ, ಅದನ್ನು ತಪ್ಪು ಅನ್ನೋಕಾಗಲ್ಲ.

ನಾಟಕದಮನೆ:
ಅದರಲ್ಲಿ ಅವರು ನಟಿಸಿದ್ದರಪ್ಪ, ಧ್ವನಿ ಒಂದು ಉಳಿದಿತ್ತು. ಮನೆಯವರೂ ಜೊತೆಗಿದ್ದರು. ನನಗೆ ಕೇಳಿದರೆ ಮೊದಲು ಬಂದಿದ್ದೇ ಹೆಚ್ಚು. ತಮ್ಮನ ಮಾತನ್ನು ಅಣ್ಣ ಆಡೋದು. ಅದನ್ನು ಯಾವ ಯಂತ್ರ ಮಾಡುತ್ತೆ? 2016ರಲ್ಲಿ ‘ನಾಗರಹಾವು’ ಅಂತಲೇ ಇನ್ನೊಂದು ಸಿನಿಮಾ ಬಂತು, ಅದರಲ್ಲಿ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿದ್ದರು. ತೆರೆ ಮೇಲೆ ಅವರು ಬಂದಾಗ ಶಿಳ್ಳೆ ಬಿತ್ತು. ನನಗೆ ಮಾತ್ರ ಅವರ ಕಣ್ಣು ಅಲ್ಲಿರಲಿಲ್ಲ.

ಕಂಪನಿಯಲ್ಲಿ ನಟ ತೀರಿಕೊಂಡರೆ ಆ ಪಾತ್ರಕ್ಕೆ ಇನ್ನೊಬ್ಬರು ಬಣ್ಣ ಹಚ್ಚುತ್ತಾರೆ. ಕೆಲವೊಮ್ಮೆ ಅದೇ ವಾರ. ಟಿಕೆಟ್ ಮಾರಿ ಆಗಿರುತ್ತೆ. ಮಹಾಗುರು ಪಾತ್ರ ಇನ್ನೊಬ್ಬ ಹಿರಿಯ ನಟರಿಗೆ ಕೊಡಿ. ಗೀತಾ ಪಾತ್ರವನ್ನೇ ನೋಡಿ. ಶುರುವಿನಲ್ಲಿ ಮಾಡಿದ್ದು ಕಿಟು ಗಿಡ್ವಾನಿ, ಆಮೇಲೆ ವೈಷ್ಣವಿ ಮಹಂತ್. ಮಕ್ಕಳು ಒಂದು ದಿನ ತಲೆ ಕೆರೆದುಕೊಂಡವು, ಮಾರನೇ ವಾರ ಮರೆತವು.

ಹಿರಿಯೂರು_ಗೇಟ್:
ಹಾಗಾದರೆ ಇಬ್ಬರು ಗೀತಾರನ್ನೂ ಕರೆಸಿ! ಒಬ್ಬರು ಸಂಪಾದಕಿ. ಇನ್ನೊಬ್ಬರು ಆ ಕೆಲಸ ಬಿಟ್ಟು, ಶಕ್ತಿಮಾನ್ ಯಾರು ಅಂತ ಮೊದಲೇ ಕಂಡುಹಿಡಿದು, ಬರೆಯದೆ ಸುಮ್ಮನಿದ್ದವರು. ಯಾಕೆ ಬರೆಯಲಿಲ್ಲ ಅನ್ನೋದೇ ಎರಡನೇ ಭಾಗದ ಕಥೆ.

ಚಳ್ಳಕೆರೆ_ಹುಡುಗಿ:
ಯಾರಪ್ಪ ಇವರು, ಇಷ್ಟೊತ್ತು ಎಲ್ಲಿದ್ದರು?

ಕೋಟೆಹುಡುಗ:
ನಾಟಕದಮನೆ ಅಕ್ಕ, ನೀವೇ ಒಂದು ದೃಶ್ಯ ಬರೆದುಕೊಡಿ. ಗುರು-ಶಿಷ್ಯೆ ಮೊದಲ ಸಲ ಎದುರಾಗೋದು. ಓಬವ್ವನ ಕಿಂಡಿ ಹತ್ತಿರ.

ನಾಟಕದಮನೆ:
ಪ್ರಯತ್ನ ಮಾಡಿದ್ದೀನಿ. ಕಂಪನಿ ವಾಸನೆ ಬಂದರೆ ಸಹಿಸಿಕೊಳ್ಳಿ.

ರಾತ್ರಿ. ಕಿಂಡಿ ಪಕ್ಕದ ಬಂಡೆ. ಮುದುಕ ಕೂತಿದ್ದಾನೆ. ಕನ್ನಡಕ, ಉದ್ದ ಜುಬ್ಬ. ಹುಡುಗಿ ಮೇಲಿಂದ ಬಂದು ಪೊದೆಗೆ ಬೀಳುತ್ತಾಳೆ.

ಮುದುಕ: ಮೊಣಕಾಲು ಮಡಚಿ ಇಳಿಯಬೇಕು.
ಹುಡುಗಿ: ಹಾಗಾದರೆ ನೀವೇ ಶಕ್ತಿಮಾನ್?
ಮುದುಕ: ಅಲ್ಲ. ನಾನು ಗಂಗಾಧರ.
ಹುಡುಗಿ: ಸಂಪಾದಕಿ ಮೇಡಂ ಹೇಳಿದರು, ಮೊದಲ ಮಾತೇ ಸುಳ್ಳು ಹೇಳ್ತಾರೆ ಅಂತ.
ಮುದುಕ: (ತುಸು ಹೊತ್ತು ಬಿಟ್ಟು) ಇನ್ನೂ ಏನೇನು ಹೇಳಿದಳು?
ಹುಡುಗಿ: ಹಾರೋದು ಅವರ ಹತ್ತಿರ ಕಲಿ. ಉಳಿದದ್ದು ಏನು ಹೇಳಿದರೂ ನನ್ನ ಹತ್ತಿರ ಬಂದು ಒಂದು ಸಲ ಕೇಳಿಕೋ ಅಂದರು.
ಮುದುಕ: ನಾನು ಯಾರಿಗೂ ಕಲಿಸಲ್ಲ. ಒಬ್ಬನಿಗೆ ಕಲಿಸಿದ್ದೆ.
ಹುಡುಗಿ: ಗೊತ್ತು. ಅವನೇ ನನ್ನ ಅಣ್ಣ.

ಅಶೋಕರಸ್ತೆ:
ಇಂಟರ್ವಲ್!

ಬೆಣ್ಣೆದೋಸೆ_ಭಕ್ತ:
ಅಕ್ಕಾ, ಇದು ಇಂಟರ್ವಲ್ ಅಲ್ಲ, ಇಲ್ಲೇ ಟೈಟಲ್ ಕಾರ್ಡ್ ಬೀಳಬೇಕು.

ಚಳ್ಳಕೆರೆ_ಹುಡುಗಿ:
ಅಣ್ಣನ ಸೇಡು ಅಂತ ಅವಳನ್ನು ಕಟ್ಟಿ ಹಾಕಬೇಡಿ ಅಕ್ಕ. ಅವಳಿಗೆ ಅವಳದೇ ಕಾರಣ ಇರಲಿ. ಅಣ್ಣನನ್ನು ಅವಳು ನೋಡೇ ಇಲ್ಲ ಅಂತ ಮಾಡಿದರೆ?

ನಾಟಕದಮನೆ:
ಮಾಡಬಹುದು. ಆಗ ಕೊನೆ ಮಾತು ಬದಲಾಗಬೇಕು. ನಾಳೆ ಬರೀತೀನಿ, ಈಗ ಮೊಮ್ಮಗನಿಗೆ ಊಟ.

ನಿವೃತ್ತ_ಮೇಷ್ಟ್ರು:
ದೃಶ್ಯ ಚೆನ್ನಾಗಿದೆ. ಒಂದೇ ತಕರಾರು. ಕೋಟೆ ಪುರಾತತ್ವ ಇಲಾಖೆಯ ಕೈಯಲ್ಲಿದೆ, ಸಂಜೆಯಾದರೆ ಬಾಗಿಲು ಹಾಕ್ತಾರೆ. ರಾತ್ರಿ ಆ ಮುದುಕ ಒಳಗೆ ಹೇಗೆ ಬಂದ ಅಂತ ಮೊದಲು ಬರೆಯಿರಿ. ಹಾರಿ ಬಂದ ಅನ್ನಬೇಡಿ. ಅವನು ಹಾರೋದು ಬಿಟ್ಟಿದ್ದಾನೆ ಅಂತ ನೀವೇ ಹೇಳಿದ್ದೀರಿ.